ಟೆನಿಸ್ ಚೆಂಡಿನ ಭೂಗೋಳ

ಟೀಯೋ ಕಾಫಿಯೋ ಎಂದು ಕೇಳಿದರೂ ಅತ್ತಿಂದಿತ್ತ ತೂಗಾಡುವ ಆ ಹುಡುಗನಿಗೆ ಕಾಲೇಜಿನವರು ಲೋಲಕ ಎಂದು ಹೆಸರಿಟ್ಟಿದ್ದರು. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಮಸೂರ ಒರೆಸಿಡುವುದು ಅವನ ಕೆಲಸ. ಅಂಥವನಿಗೆ ವಿದೇಶದ ವಿಶ್ವವಿದ್ಯಾಲಯವೊಂದು ಎಂ.ಎಸ್ಸಿ. ಸೀಟು ಕೊಟ್ಟು, ಖಗೋಳ ಭೌತಶಾಸ್ತ್ರವೋ ವೈದ್ಯಕೀಯ ಭೌತಶಾಸ್ತ್ರವೋ ನೀನೇ ಆರಿಸಿಕೋ ಎಂದಿತ್ತು. ಗಡುವು ಅಲ್ಲಿನ ಇಂದಿನ ಮಧ್ಯರಾತ್ರಿ. ತಪ್ಪಿದರೆ ಜೀವನಪೂರ್ತಿ ಮಸೂರವೇ ಗತಿ.

ಬೆಳಿಗ್ಗೆ ಹಲ್ಲುಜ್ಜುವಾಗಲೇ ಅಕ್ಕ ಶುರುಮಾಡಿದಳು. "ಆಸ್ಪತ್ರೇದೇ ತಗೊಳೋ. ಜನಕ್ಕೆ ಕಾಯಿಲೆ ತಪ್ಪಲ್ಲ, ನಿಂಗೆ ಕೆಲಸ ತಪ್ಪಲ್ಲ. ನಕ್ಷತ್ರ ಸಂಬಳ ಕೊಡತ್ತಾ?"

ಕಾಂಪೌಂಡಿನಾಚೆಯಿಂದ ನಿವೃತ್ತ ಸ್ಟೇಷನ್ ಮಾಸ್ಟರರ ತಲೆ ಎದ್ದಿತು. ಕರೆಯದೆ ಮೂಗು ತೂರಿಸುವುದರಲ್ಲಿ ಅವರದು ಎತ್ತಿದ ಕೈ. "ರೇಡಿಯೇಷನ್ ಅಂದ್ರೆ ಬೆಂಕಿ ಜೊತೆ ಸರಸ ಕಣಪ್ಪಾ. ನಕ್ಷತ್ರ ಆದ್ರೆ ದೂರ ಇರತ್ತೆ, ಕ್ಷೇಮ."

ಲೋಲಕ ಹೌದೆಂದ. ಅಕ್ಕ ದುರುಗುಟ್ಟಿದಳು. ಅವಳಿಗೂ ಹೌದೆಂದ.

ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥರು, "ಇನ್ನೂ ಉತ್ತರ ಕಳಿಸಿಲ್ವೇನಯ್ಯಾ?" ಎಂದರು.

"ಅವಸರ ಇಲ್ಲ ಸಾರ್. ಅಲ್ಲಿ ಮಧ್ಯರಾತ್ರಿ ಆಗೋ ಹೊತ್ತಿಗೆ ಇಲ್ಲಿ ನಾಳೆ ಬೆಳಗಾಗಿರತ್ತೆ."

"ಅದ್ಹೇಗೆ?"

ಈ ಒಂದು ವಿಷಯದಲ್ಲಿ ಲೋಲಕ ತೂಗಾಡಲಿಲ್ಲ. ಮೇಜಿನ ದೀಪ ಹಚ್ಚಿದ. ಟೆನಿಸ್ ಚೆಂಡಿನ ಮೇಲೆ ಎರಡು ಚುಕ್ಕೆ ಇಟ್ಟ. "ಇದು ನಾವು, ಇದು ಅವರು" ಎಂದು ದೀಪದೆದುರು ಚೆಂಡು ತಿರುಗಿಸಿದ. ಬೆಳಕು ಮೊದಲು ನಮ್ಮ ಚುಕ್ಕೆಗೆ ಬಿತ್ತು. ಮುಖ್ಯಸ್ಥರು ತಲೆದೂಗಿದರು. ಭೌತಶಾಸ್ತ್ರ ಓದಿದ ಇಬ್ಬರು ಒಪ್ಪಿದ ಮೇಲೆ ಭೂಮಿಯದೇನು ತಕರಾರು!

ಸಂಜೆಯ ಹೊತ್ತಿಗೆ ಅಕ್ಕ ಆಸ್ಪತ್ರೆಯ ಎಕ್ಸ್-ರೇ ತಂತ್ರಜ್ಞನನ್ನೇ ಎಳೆದುಕೊಂಡು ಪ್ರಯೋಗಶಾಲೆಗೆ ಬಂದಳು. ಬೆನ್ನಿಗೇ ಸ್ಟೇಷನ್ ಮಾಸ್ಟರರು ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಹಾಜರಾದರು. ಮಾತಿಗೆ ಮಾತು ಬೆಳೆಯಿತು. ಯಾರದೋ ಮೊಣಕೈ ತಗುಲಿ ಗಾಜಿನ ಪ್ರಿಸಮ್ ಬಿದ್ದು ಚೂರಾಯಿತು.

"ಸಾಕು!" ಲೋಲಕ ಕೂಗಿದ. "ನಂಗೆ ನಕ್ಷತ್ರಾನೇ ಬೇಕು. ಅದರ ಜೊತೆ ಕಲಿಯೋ ಗಣಿತ, ಕಂಪ್ಯೂಟರ್ ಕೆಲಸ ಎಲ್ಲಿ ಹೋದ್ರೂ ಅನ್ನ ಹಾಕತ್ತೆ."

ಎಲ್ಲರೂ ಬೆಕ್ಕಸಬೆರಗಾದರು. ಅಕ್ಕನ ಕಣ್ಣು ಒದ್ದೆಯಾಯಿತು. "ಅಂತೂ ಒಂದು ಕಡೆ ನಿಂತೆಯಲ್ಲೋ! ನಾಳೆವರೆಗೂ ಯಾಕೆ, ಈಗ್ಲೇ ಕಳಿಸಿಬಿಡು." ಲೋಲಕನಿಗೆ ಆಗಿನಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ. ಎದೆಯುಬ್ಬಿಸಿ ಕಂಪ್ಯೂಟರಿನ ಮುಂದೆ ಕೂತು ಗುಂಡಿ ಒತ್ತಿದ.

ಪರದೆಯ ಮೇಲೆ ಮೂಡಿತು: 'ಗಡುವು ಮುಗಿದಿದೆ. ಸೀಟು ಬೇರೆಯವರಿಗೆ ಹೋಗಿದೆ.'

ಆ ದೇಶದಲ್ಲಿ ಸೂರ್ಯ ನಮಗಿಂತ ಮೊದಲೇ ಹುಟ್ಟುತ್ತಾನೆ; ಮಧ್ಯರಾತ್ರಿಯೂ ಅಲ್ಲಿ ಆಗಲೇ ಕಳೆದಿತ್ತು. ಲೋಲಕ ಚೆಂಡನ್ನು ಉಲ್ಟಾ ತಿರುಗಿಸಿದ್ದ.

ಗದ್ದಲ ಕೇಳಿ ಬಂದಿದ್ದ ಮುಖ್ಯಸ್ಥರು ಅವನ ಹೆಗಲ ಮೇಲೆ ಕೈಯಿಟ್ಟರು.

"ಹೋಗ್ಲಿ ಬಿಡಯ್ಯಾ, ಬೇಜಾರಾಗ್ಬೇಡ. ನಾಳೆ ಮಸೂರ ಒರೆಸಿ ಮುಗಿದ ಮೇಲೆ ಮೊದಲನೇ ವರ್ಷದವರಿಗೆ ಭೂಮಿ ತಿರುಗೋ ಪಾಠ ನೀನೇ ಮಾಡು. ಬೆಳಿಗ್ಗೆ ಎಷ್ಟು ಚೆನ್ನಾಗಿ ತೋರಿಸಿಕೊಟ್ಟೆ!"