ಶವವಾಹನಕ್ಕೊಂದು ಆ್ಯಪ್

ಹಡಪಸರದ ನಮ್ಮ ಆಫೀಸಿನಲ್ಲಿ ಯಾರಾದರೂ "ಸಣ್ಣ ಕೆಲಸ ಇದೆ" ಅಂದರೆ ನನ್ನ ತಲೆಗೇ ಏನೋ ಕಟ್ಟುತ್ತಾರೆ ಅಂತ ಅರ್ಥ. ಈ ಸಲ ಕಟ್ಟಿದ್ದು ಶವವಾಹನ. ಸಾವಾದ ಮನೆಯವರು ಫೋನಿನಲ್ಲೇ ವಾಹನ ಕರೆಸಿಕೊಳ್ಳಬೇಕು. ಮಾಡಬೇಕಾದ್ದು ವೆಬ್‌ಸೈಟು, ನೋಡಿದವರಿಗೆ ಮಾತ್ರ ಅಪ್ಪಟ ಆ್ಯಪ್ ಅನ್ನಿಸಬೇಕು.

"ಮೇಲಿನ ಅಡ್ರೆಸ್ ಬಾರ್ ಮೊದಲು ಅಡಗಿಸಮ್ಮಾ," ಅಂದರು ಬೆಂಗಳೂರಿನವರಾದ ನಮ್ಮ ಮ್ಯಾನೇಜರು. "ವೆಬ್ ಅಂತ ಗೊತ್ತಾದ್ರೆ ಕ್ಲೈಂಟ್ ಬೇಡ ಅಂತಾರೆ. ಆಮೇಲೆ ನಿನ್ನ ಕೆಲಸಕ್ಕೆ ನಾನು ಗ್ಯಾರಂಟಿ ಕೊಡಕ್ಕಾಗಲ್ಲ."

ಆಫೀಸಿನ ಆ್ಯಪ್ ಟೀಮಿನಲ್ಲಿ ಐದು ಜನ, ವೆಬ್ ಟೀಮು ಅಂದರೆ ನಾನೊಬ್ಬಳೇ. ಹೆದರಿಕೊಂಡೇ ಶುರು ಮಾಡಿದೆ.

೧. ಕಾಕುವಿನ ಫೋನು

ಕೋಥರೂಡದಲ್ಲಿ ನಮ್ಮ ಪಕ್ಕದ ಮನೆಯಾಕೆ, ನಾನು ಕಾಕು ಅಂತ ಕರೆಯುವ ಚಿಕ್ಕಮ್ಮ, ಕಲಬುರಗಿಯವರು. ಪರೀಕ್ಷೆಗೆ ಅಂತ ಅವರ ಫೋನಿನಲ್ಲೇ ತೆರೆದು ತೋರಿಸಿದೆ. ಕೆಳಗೆ ಮೂಡಿತು: "ಇದನ್ನು ಹೋಮ್ ಸ್ಕ್ರೀನಿಗೆ ಸೇರಿಸಿಕೊಳ್ಳಿ."

ಕಾಕು ಫೋನು ಬೋರಲು ಹಾಕಿದರು.

"ಬ್ಯಾಡವ್ವಾ. ನಮ್ಮನಿಯವರಿಗೆ ಬಿಪಿ ಅದ. ಇದನ್ನ ನೋಡಿದ್ರ, ನಾ ದಾರಿ ಕಾಯ್ಲಿಕತ್ತೀನಿ ಅನ್ಕೋತಾರ."

೨. ಬಹಳ ದಿನವಾಯಿತು

ಆ್ಯಪ್ ಅಂದಮೇಲೆ ಆಗಾಗ ಟಿಂಗ್ ಅನ್ನಬೇಕಲ್ಲ. ಹಿಂದೆ ಕಿರಾಣಿ ಅಂಗಡಿಗೆ ಮಾಡಿದ್ದ ಸಂದೇಶಗಳನ್ನೇ ಎತ್ತಿ ಹಾಕಿದ್ದೆ, ತಿದ್ದುವುದು ಮರೆತುಹೋಗಿತ್ತು. ಪ್ರಯೋಗಕ್ಕೆ ಬಿಟ್ಟ ಮೂರನೇ ವಾರ ಒಬ್ಬರು ಫೋನ್ ಮಾಡಿದರು. ತಂದೆಯನ್ನು ನಮ್ಮ ವಾಹನದಲ್ಲೇ ಕಳಿಸಿದವರು. ಅವರಿಗೆ ಹೋದ ಸಂದೇಶ: "ನೀವು ಬಂದು ಬಹಳ ದಿನವಾಯಿತು. ಮತ್ತೆ ಯಾವಾಗ?"

ನಾಚಿಕೆಯಿಂದ ಸತ್ತೇಹೋದೆ. ತಪ್ಪಾಯಿತು ಅಂದೆ, ಮೂರು ಸಲ ಅಂದೆ. ಅವರು ಬೈಯಲಿಲ್ಲ. ಮರಾಠಿಯಲ್ಲಿ ಮೆಲ್ಲಗೆ ಹೇಳಿದರು:

"ಮನೆಯಲ್ಲಿ ಉಳಿದವನು ನಾನೊಬ್ಬನೇ. ನನ್ನ ಸರದಿ ಬಂದಾಗ ಬಟನ್ ಒತ್ತೋರು ಯಾರು, ಅದನ್ನೂ ಸ್ವಲ್ಪ ನೋಡಿ."

ಆ ಸಂದೇಶ ಆಗಲೇ ತೆಗೆದೆ.

೩. ಅಡ್ರೆಸ್ ಬಾರ್

ಕೊನೆಗೆ ಕ್ಲೈಂಟ್ ಲೋಣಾವಳಾ ಘಾಟಿನ ಸುರಂಗದಲ್ಲಿ, ನೆಟ್‌ವರ್ಕೇ ಇಲ್ಲದ ಕಡೆ ತೆರೆದು ನೋಡಿದರು. ನೆಟ್ ಇಲ್ಲದೆಯೂ ಅಪ್ಪಟ ಆ್ಯಪಿನಂತೆ ತೆರೆಯಿತು. ಖುಷಿಯಾಗಿ ನಮ್ಮ ದೊಡ್ಡ ಸಾಹೇಬರಿಗೆ ಹೇಳಿದರು. ಸಾಹೇಬರು ಆ್ಯಪ್ ಟೀಮಿನ ಐದೂ ಜನರನ್ನು ಕರೆದು ಬೆನ್ನು ತಟ್ಟಿದರು. ಆಮೇಲೆ ನನ್ನನ್ನು ಕರೆಸಿದರು.

"ಇಷ್ಟು ಒಳ್ಳೇ ಆ್ಯಪ್ ಇರುವಾಗ ವೆಬ್‌ಗೆ ಅಂತ ಬೇರೆ ಒಬ್ಬರು ಯಾಕೆ? ಈ ತಿಂಗಳೇ ಕೊನೆ."

"ಸರ್, ಅದೇ ವೆಬ್ಬು. ನಾನೇ ಮಾಡಿದ್ದು."

ಸಾಹೇಬರು ಫೋನನ್ನು ಮೇಲೆ ಕೆಳಗೆ ಎಳೆದು ನೋಡಿದರು. "ಹಾಗಾದ್ರೆ ಅಡ್ರೆಸ್ ಬಾರ್ ಎಲ್ಲಿ?"

ಅದನ್ನು ಅಡಗಿಸಲು ನಾನು ಎರಡು ತಿಂಗಳು ಒದ್ದಾಡಿದ್ದೆ. ಪಕ್ಕದಲ್ಲೇ ಇದ್ದ ಮ್ಯಾನೇಜರು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು.

ನಾನು ಬ್ಯಾಗು ಎತ್ತಿಕೊಂಡು ಹೊರಟಾಗ ಮ್ಯಾನೇಜರು ಲಿಫ್ಟಿನವರೆಗೂ ಬಂದರು. ಮುಖದಲ್ಲಿ ನಿಜವಾದ ಹೆಮ್ಮೆಯಿತ್ತು.

"ಪರ್ಫೆಕ್ಟ್ ಕೆಲಸ ಕಣಮ್ಮಾ. ಎಲ್ಲೂ ಒಂದು ಸುಳಿವೂ ಬಿಟ್ಟಿಲ್ಲ."