ಏಳನೇ ಕ್ಲಾಸಿನ ಗಾಳಿ

ಗಾಳಿಯನ್ನು ಅಳೆಯುವ ಯಂತ್ರವೊಂದು ಲೋಕದಲ್ಲಿದೆ ಎಂಬುದು ರವೀಶ್ ಮೇಷ್ಟ್ರಿಗೆ ಗೊತ್ತಾಗದೇ ಇದ್ದಿದ್ದರೆ ಆ ಶುಕ್ರವಾರ ಎಲ್ಲ ಶುಕ್ರವಾರಗಳ ಹಾಗೆ ಕಳೆದುಹೋಗುತ್ತಿತ್ತು. ಆದರೆ ಗೊತ್ತಾಯಿತು. ವಿಜ್ಞಾನದ ಮೇಷ್ಟ್ರು ಬೇರೆ, ಸುಮ್ಮನಿರುವ ಜನವೇ? ಬೆಂಗಳೂರಿನ ಒಂದು ಟ್ರಸ್ಟಿಗೆ ತಾವೇ ಫೋನ್ ಮಾಡಿ, ಟಿಫನ್ ಬಾಕ್ಸಿನಷ್ಟಿದ್ದ ಆ ಯಂತ್ರವನ್ನು ತರಿಸಿ ಏಳನೇ ಕ್ಲಾಸಿನ ಗೋಡೆಗೆ ತಗುಲಿಹಾಕಿದರು. ಗಾಳಿ ಚೆನ್ನಾಗಿದ್ದರೆ ಹಸಿರು ದೀಪ, ಸುಮಾರಾಗಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು. ಹಾಕಿದ ದಿನದಿಂದ ಅದು ಕೆಂಪಗೇ ಉರಿಯುತ್ತಿತ್ತು.

ಉರಿಯದೆ ಇನ್ನೇನು ಮಾಡೀತು? ತುಮಕೂರಿನ ಹಳೇ ಪೇಟೆಯ ಆ ಶಾಲೆಯಲ್ಲಿ ಏಳನೇ ಕ್ಲಾಸಿಗೆ ಇದ್ದದ್ದೇ ಎರಡು ಕಿಟಕಿ, ಎರಡಕ್ಕೂ ಮೊಳೆ. ಪಕ್ಕದ ಮನೆಯ ಶಿವರಾಮಯ್ಯನವರು ಅಂಗಳದಲ್ಲಿ ಒಣಹಾಕಿದ್ದ ಸಂಡಿಗೆಯ ಮೇಲೆ ಯಾವನೋ ಸೀಮೆಸುಣ್ಣ ಎಸೆದನೆಂದು ದೊಡ್ಡ ರಂಪವಾಗಿ, ಹೆಡ್‌ಮಾಸ್ಟರ್ ಮಹಾದೇವಯ್ಯನವರು ಮೊಳೆ ಹೊಡೆಸಿ ಶಾಂತಿ ಕಾಪಾಡಿದ್ದರು. ಅಂದಿನಿಂದ ಸಂಡಿಗೆ ಚೆನ್ನಾಗಿ ಒಣಗುತ್ತಿತ್ತು, ಒಳಗೆ ಮಕ್ಕಳು ಬಾಡುತ್ತಿದ್ದರು. ಮಧ್ಯಾಹ್ನದ ಪಾಠಕ್ಕೆ ಅರ್ಧ ಕ್ಲಾಸು ತೂಕಡಿಸುತ್ತಿತ್ತು.

ಅದರಲ್ಲೂ ಅಕ್ಷತಾ. ಆಯಾ ಸಿದ್ದಗಂಗಮ್ಮನ ಮೊಮ್ಮಗಳು, ಉಬ್ಬಸದ ಹುಡುಗಿ. ಕೊನೆಯ ಪೀರಿಯಡ್ಡಿಗೆ ಅವಳ ಎದೆ ಸುಯ್‌ಗುಟ್ಟುವುದು ಕರಿಹಲಗೆಯ ತನಕ ಕೇಳುತ್ತಿತ್ತು. ಹಿಂಗೇ ಆದರೆ ಸ್ಕೂಲು ಬಿಡಿಸಿ ಮನೆಯಲ್ಲಿ ಕೂರಿಸುವುದಾಗಿ ಅವಳಪ್ಪ ಹೇಳಿಹೋಗಿದ್ದ. ಕ್ಲಾಸಿನಲ್ಲಿ ಪ್ರಶ್ನೆ ಕೇಳುವ ಮಗು ಅದೊಂದೇ. ಅವಳನ್ನು ಕಳೆದುಕೊಳ್ಳಲು ಮೇಷ್ಟ್ರು ತಯಾರಿರಲಿಲ್ಲ.

ಟ್ರಸ್ಟಿನವರ ಮಾತು ಸರಳವಾಗಿತ್ತು. ಅವರ ಅಧಿಕಾರಿ ಮೋಹನ್‌ಕುಮಾರ್ ಶುಕ್ರವಾರ ಬರುತ್ತಾರೆ. ಅವರ ಕಣ್ಣೆದುರು ಕೆಂಪು ದೀಪ ಉರಿದರೆ ಆಚೆಯ ಗೋಡೆ ಒಡೆದು ಜಾಲರಿ ಹಾಕಿದ ದೊಡ್ಡ ಕಿಟಕಿ, ಮೇಲೆ ಗಾಳಿ ಎಳೆಯುವ ಫ್ಯಾನು. ಹಾಗಾಗಿ ಆ ಬೆಳಿಗ್ಗೆ ನಿಟ್ಟೂರಿನಿಂದ ಬಂದಿಳಿದ ಮೇಷ್ಟ್ರು ದೀಪ ಕೆಂಪಗಿರುವುದನ್ನು ನೋಡಿ ಮನಸ್ಸಿನಲ್ಲೇ ಕೈಮುಗಿದರು.

ಅಷ್ಟರಲ್ಲಿ ಮಹಾದೇವಯ್ಯನವರು ಬಂದರು. ಮೂವತ್ತು ವರ್ಷ ಕೆಂಪು ಇಂಕಿನಲ್ಲಿ ಫೇಲು ಮಾಡಿದ ಮನುಷ್ಯ. ತಮ್ಮ ಶಾಲೆಯ ಗೋಡೆಯ ಮೇಲೇ ಕೆಂಪು ಕಂಡು ಅವರ ಮುಖ ಇಳಿದುಹೋಯಿತು. ರವೀಶ್ ತಾಳ್ಮೆಯಿಂದ ವಿವರಿಸಿದರು: ಡಾಕ್ಟರ ಮುಂದೆ ಕಾಯಿಲೆ ತೋರಿಸಿದರೆ ತಾನೇ ಔಷಧಿ.

“ಹೆಣ್ಣು ನೋಡಕ್ಕೆ ಬಂದೋರ ಮುಂದೆ ಹುಡುಗೀನ ಕೆಮ್ಮು ಅಂತೀರೇನ್ರೀ?” ಎಂದರು ಮಹಾದೇವಯ್ಯ. “ಬಂದೋರು ಹೋಗೋವರ್ಗೂ ಚೆನ್ನಾಗಿ ಕಾಣ್ಬೇಕು. ಆಮೇಲಿಂದು ಆಮೇಲೆ.”

ವಿಜ್ಞಾನದ ಪಾಠ ಅಲ್ಲಿಗೆ ಮುಗಿಯಿತು.

ವಿಷಯ ಕೇಳಿದ ಸಿದ್ದಗಂಗಮ್ಮ ಗಾಳಿ ಶುದ್ಧವಾಗಲಿ, ಮೊಮ್ಮಗಳ ಉಸಿರಿಗೂ ಒಳ್ಳೆಯದಾಗಲಿ ಎಂದು ಕೆಂಡದ ಮೇಲೆ ಎರಡು ಹಿಡಿ ಸಾಂಬ್ರಾಣಿ ಸುರಿದು ಮೂಲೆಮೂಲೆಗೂ ಹಿಡಿದಳು. ಹೊಗೆ ತುಂಬಿತು. ಯಂತ್ರ ಇಷ್ಟು ದಿನ ಬರೀ ಉರಿಯುತ್ತಿತ್ತು, ಈಗ ಕಿರುಚತೊಡಗಿತು. ಅಕ್ಷತಾ ಕೆಮ್ಮುತ್ತಾ ಹೊರಗೆ ಓಡಿದಳು. ಪ್ರೀತಿಯಿಂದ ಮಾಡಿದ ಕೆಲಸ, ಮುದುಕಿಯನ್ನು ಯಾರು ತಾನೇ ಬೈದಾರು? ಸೆರಗಿನಲ್ಲಿ ಹೊಗೆ ಹಿಡಿದು ಆಚೆ ಹಾಕಲು ನೋಡುತ್ತಿದ್ದಳು ಪಾಪ.

ಮಹಾದೇವಯ್ಯನವರು ಗಡಿಬಿಡಿಗೆ ಬಿದ್ದರು. ಮಕ್ಕಳನ್ನೆಲ್ಲ ಹೊರಗೆ ಹೊಂಗೆ ಮರದ ಕೆಳಗೆ ಕೂರಿಸಿ, ಡ್ರಿಲ್ ಮೇಷ್ಟ್ರು ಅಶ್ವಥ್‌ಗೆ ಕಿಟಕಿಯ ಮೊಳೆ ಕೀಳಲು ಹೇಳಿದರು. ಎಷ್ಟೋ ದಿನದಿಂದ ರವೀಶ್ ಅಂಗಲಾಚಿದರೂ ಅಲುಗದ ಮೊಳೆಗಳು ಐದೇ ನಿಮಿಷಕ್ಕೆ ನೆಲಕ್ಕೆ ಬಿದ್ದವು.

ಕಿಟಕಿ ತೆರೆದದ್ದೇ ಆಚೆಯಿಂದ ಶಿವರಾಮಯ್ಯನವರ ಮುಖ ಕಾಣಿಸಿತು. ರವೀಶ್ ಮೇಷ್ಟ್ರಿಗೆ ಪ್ರಾಣ ಬಂದಂತಾಯಿತು. ಈ ಮನುಷ್ಯ ಖಂಡಿತ ಜಗಳ ತೆಗೆಯುತ್ತಾನೆ, ಕಿಟಕಿ ಮುಚ್ಚಿಸುತ್ತಾನೆ, ದೀಪ ಕೆಂಪಗೇ ಉಳಿಯುತ್ತದೆ. ಆದರೆ ಗ್ರಹಚಾರ ಕೆಟ್ಟರೆ ಹಗ್ಗವೂ ಹಾವಾಗುತ್ತದೆ. ಬೆಂಗಳೂರಿನವರು ಬರುತ್ತಾರೆಂದು ಹೆಡ್‌ಮಾಸ್ಟರು ಕೈಹಿಡಿದು ಕೇಳಿಕೊಂಡದ್ದೇ ತಡ, ಶಿವರಾಮಯ್ಯನವರು ಕರಗಿಹೋದರು.

“ನಮ್ ಬೀದಿ ಮಾನ ಕಣ್ರೀ ಇದು,” ಎಂದರು. “ಸಂಡಿಗೆ ನಾಳೆ ಒಣಗ್ತವೆ ಬುಡಿ.”

ಸಂಡಿಗೆ ಎತ್ತಿಟ್ಟದ್ದಲ್ಲದೆ ಮನೆಯ ಟೇಬಲ್ ಫ್ಯಾನನ್ನೇ ತಂದು ತಮ್ಮ ಕಡೆಯಿಂದ ಕಿಟಕಿಗೆ ಹಿಡಿಸಿದರು. ಹೊಗೆ ಹೋಯಿತು. ದೀಪ ಹಳದಿಯಾಯಿತು. ಕೊನೆಗೆ ಹಸಿರಾಯಿತು.

ಎಲ್ಲರೂ ಹಾರ ತರಲು, ಕಾಫಿಗೆ ಹೇಳಲು ಹೋದರು. ಖಾಲಿ ಕೊಠಡಿಯಲ್ಲಿ ಮೇಷ್ಟ್ರು ಒಬ್ಬರೇ ಉಳಿದರು. ಹೊರಗೆ ಕಾರು ನಿಂತ ಸದ್ದು. ಜೀವಮಾನದಲ್ಲಿ ಪರೀಕ್ಷೆಯಲ್ಲಿ ಕಾಪಿ ಹೊಡೆಯದ, ಹೊಡೆಯಲು ಬಿಡದ ಮನುಷ್ಯ ಆಗ ಒಂದು ಕೆಲಸ ಮಾಡಿದರು. ಬೆಂಚಿನ ಮೇಲೆ ಹತ್ತಿ, ಯಂತ್ರಕ್ಕೆ ಬಾಯಿ ಹತ್ತಿರ ತಂದು, ಒಲೆ ಊದುವ ಹಾಗೆ ಉಸಿರು ಬಿಡತೊಡಗಿದರು. ನಾವು ಬಿಟ್ಟ ಉಸಿರೇ ತಾನೇ ಗಾಳಿಯನ್ನು ಕೆಡಿಸುವುದು? ಇದ್ದ ಸತ್ಯವನ್ನೇ ಮತ್ತೆ ತೋರಿಸಲು ಒಂದಿಷ್ಟು ಮೋಸ. ಕಣ್ಣು ಕತ್ತಲಿಟ್ಟಿತು. ದೀಪ ಹಳದಿಗೆ ತಿರುಗಿತು. ಇನ್ನೊಂದು ನಾಲ್ಕು ಉಸಿರು ಸಾಕಿತ್ತು.

“ಏನ್ ಸಾರ್ ಮಾಡ್ತಿದೀರಾ?”

ಬಾಗಿಲಲ್ಲಿ ಮೋಹನ್‌ಕುಮಾರ್ ನಿಂತಿದ್ದರು, ಹಿಂದೆ ಹಾರ ಹಿಡಿದ ಹೆಡ್‌ಮಾಸ್ಟರು.

ರವೀಶ್ ಬಾಯಿ ತೆರೆದೇ ನಿಂತರು. ನಿಜ ಹೇಳಬೇಕಾದರೆ ಮೊದಲು, ನಿಮ್ಮ ಯಂತ್ರಕ್ಕೆ ಮೋಸ ಮಾಡುತ್ತಿದ್ದೆ ಎಂದೇ ಶುರುಮಾಡಬೇಕು. ಹೊರಗೆ ಹೊಂಗೆ ಮರದ ಕೆಳಗೆ ಐವತ್ತು ಮಕ್ಕಳು ಅವರನ್ನೇ ನೋಡುತ್ತಿದ್ದರು. ನಾಚಿಕೆಯಿಂದ ಮೇಷ್ಟ್ರು ಬೆಂಚಿನಿಂದ ಇಳಿದರು.

“ಧೂಳು ಊದ್ತಿದ್ರು ಸಾರ್,” ಎಂದರು ಮಹಾದೇವಯ್ಯ. “ದಿನಾ ಹಿಂಗೇ. ಅದನ್ನ ಮಗು ಥರಾ ನೋಡ್ಕೋತಾರೆ.”

ಶಿವರಾಮಯ್ಯನವರ ಫ್ಯಾನು ತಿರುಗುತ್ತಲೇ ಇತ್ತು. ಯಂತ್ರ ಹಸಿರಿಗೆ ಮರಳಿತು.

ಮೋಹನ್‌ಕುಮಾರ್‌ಗೆ ತುಂಬ ಸಂತೋಷವಾಯಿತು. ಬೆಳಿಗ್ಗೆ ಗುಬ್ಬಿಯ ಒಂದು ಶಾಲೆಗೆ ಹೋಗಿದ್ದರಂತೆ, ಅಲ್ಲಿ ದೀಪ ಕೆಂಪಗಿತ್ತಂತೆ. ಹೆಡ್‌ಮಾಸ್ಟರು ರಜೆಯಲ್ಲಿದ್ದುದರಿಂದ ಎಲ್ಲ ಇದ್ದ ಹಾಗೇ ಕಂಡಿತಂತೆ. ಈ ಸಲದ ಕಿಟಕಿ, ಫ್ಯಾನು ಅವರಿಗೇ. ಇಲ್ಲಿಗೆ ಅದರ ಅಗತ್ಯವೇ ಇಲ್ಲವಲ್ಲ.

“ಆದ್ರೆ ನಿಮ್ಮನ್ನ ಬರಿಗೈಲಿ ಬಿಡಲ್ಲ,” ಎಂದರು ಅಧಿಕಾರಿ. “ಮಾದರಿ ಕೊಠಡಿ ಅಂತ ಬಹುಮಾನ. ಸೋಮವಾರ ಎ.ಸಿ. ಹಾಕಿಸ್ತೀವಿ. ಕಿಟಕಿಗಳನ್ನ ಮಾತ್ರ ಸಂದಿ ಇಲ್ಲದ ಹಾಗೆ ಮುಚ್ಚಿಸಿರಿ, ತಂಪು ಆಚೆ ಹೋಗ್ಬಾರದು.”

ಅದು ಇದ್ದ ಗಾಳಿಯನ್ನೇ ತಣ್ಣಗೆ ಮಾಡುತ್ತದೆ, ಹೊಸ ಗಾಳಿ ತರುವುದಿಲ್ಲ ಎಂದು ರವೀಶ್ ಕೊನೆಗೂ ಬಾಯಿಬಿಟ್ಟರು. ಮಾತು ಪೂರ್ತಿಯಾಗುವ ಮೊದಲೇ ಮಹಾದೇವಯ್ಯನವರು ಮೇಷ್ಟ್ರ ಕೊರಳಿಗೇ ಹಾರ ಹಾಕಿದರು, ಉಳಿದದ್ದು ಚಪ್ಪಾಳೆಯಲ್ಲಿ ಮುಳುಗಿತು. ಇನ್ನು ಇಲ್ಲಿ ಅಳೆಯುವುದೇನೂ ಇಲ್ಲವೆಂದು ಅಧಿಕಾರಿ ಯಂತ್ರವನ್ನು ಬಿಚ್ಚಿಕೊಂಡು ಕುಣಿಗಲ್ಲಿನ ಕಡೆ ಹೊರಟರು.

ಕಾರು ಮರೆಯಾದ ಮೇಲೆ ಹೆಡ್‌ಮಾಸ್ಟರು ತಮ್ಮ ತೀರ್ಮಾನ ತಿಳಿಸಿದರು. ಎ.ಸಿ.ಗೆ ಕರೆಂಟ್ ಬಿಲ್ಲು ಯಾರು ಕಟ್ಟುತ್ತಾರೆ? ಯಾರಾದರೂ ನೋಡಲು ಬಂದಾಗ ಹಾಕಿದರೆ ಸಾಕು. ಶಿವರಾಮಯ್ಯನವರು ಫ್ಯಾನು ವಾಪಸ್ಸು ತೆಗೆದುಕೊಂಡು, ಇಡೀ ಬೀದಿಗೇ ಕೀರ್ತಿ ಬಂತೆಂದು ಹೇಳಿ, ಸಂಡಿಗೆ ಹರವಲು ಹೋದರು.

ಕೊನೆಯ ಪೀರಿಯಡ್ಡಿಗೆ ಮಕ್ಕಳು ಒಳಗೆ ಬಂದರು. ಅಕ್ಷತಾ ಕಿಟಕಿಯ ಪಕ್ಕದಲ್ಲಿ ಕೂತಳು. ಅವಳ ಎದೆಯ ಸದ್ದು ಕರಿಹಲಗೆಯ ತನಕ ಬರಲಿಲ್ಲ. ಎಷ್ಟೋ ತಿಂಗಳ ಮೇಲೆ ಆ ಪೀರಿಯಡ್ಡಿನಲ್ಲಿ ಕೈಯೆತ್ತಿದಳು.

“ಸಾರ್, ಸೋಮವಾರಾನೂ ಕಿಟಕಿ ತೆಗೆದಿರ್ತಾರಾ?”

ಅಷ್ಟರಲ್ಲಿ ಅಶ್ವಥ್ ಸುತ್ತಿಗೆ ಹಿಡಿದು ಬಂದ. ಹಳೆಯ ಮೊಳೆಗಳೇ, ಸ್ವಲ್ಪ ಸೊಟ್ಟಗಾಗಿದ್ದವು.

“ರವೀಶಣ್ಣ, ನೀನೇ ತರಿಸ್ಕೊಟ್ಟ ಬಹುಮಾನ,” ಎಂದ. “ಬಾ, ಮೊಳೆ ಒಸಿ ಹಿಡ್ಕೋ.”

ರವೀಶ್ ಮೇಷ್ಟ್ರು ಕೊರಳಿನ ಹಾರ ತೆಗೆದು ಮೇಜಿನ ಮೇಲಿಟ್ಟು, ಹೋಗಿ ಮೊಳೆ ಹಿಡಿದುಕೊಂಡರು.