ತಲೆ ಕೊಡುವ ಮುಂಚಿನ ವಿಚಾರಣೆ

ನಮ್ಮ ಸೋದರತ್ತೆಯ ತಲೆಯೊಳಗೆ ಗಡ್ಡೆ ಇದೆಯೆಂದು ಸ್ಕ್ಯಾನಿಂಗಿನಲ್ಲಿ ಗೊತ್ತಾದ ದಿನ ನಾವೆಲ್ಲ ಗಾಬರಿಯಾದೆವು. ನಿಜವಾಗಿ ಗಾಬರಿಯಾಗಬೇಕಿದ್ದವರು ಹುಬ್ಬಳ್ಳಿಯ ಡಾಕ್ಟರು! ತಮ್ಮ ಬಳಿ ಬರುತ್ತಿರುವವಳು ಎಂಥವಳೆಂದು ಅವರಿಗೇನು ಗೊತ್ತು, ಪಾಪ?

ನಮ್ಮೂರು ಮೊರಬದಲ್ಲಿ ಯಾರ ಮನೆಯ ಹೆಣ್ಣಿಗೇ ಸಂಬಂಧ ಬರಲಿ, ವರನ ಕಡೆಯ ವಿಚಾರಣೆಗೆ ಹೋಗುವವಳು ಅತ್ತೆಯೇ. ಹುಡುಗನ ಚಟ, ಅವನ ಅವ್ವನ ಬಾಯಿ, ಮನೆಯ ನೀರಿನ ರುಚಿ, ಯಾವುದನ್ನೂ ಬಿಟ್ಟವಳಲ್ಲ. ಕೂಡಿಸಿದ ಮದುವೆಗಳಿಗಿಂತ ಮುರಿದವೇ ಹೆಚ್ಚು!

ಡಾಕ್ಟರನ್ನು ಕಾಣಲು ಇನ್ನೂ ಒಂದು ವಾರವಿತ್ತು. ಅಷ್ಟರಲ್ಲಿ ಅವರಿಂದ ತಲೆಯ ಆಪರೇಷನ್ ಮಾಡಿಸಿಕೊಂಡ ಕುಬಿಹಾಳದ ಹೆಣ್ಣುಮಗಳೊಬ್ಬಳನ್ನು ಅತ್ತೆ ಹುಡುಕಿ ತೆಗೆದಳು. ಫೋನಿನಲ್ಲೇ ಶುರು: "ಎಚ್ಚರಾದ ಮ್ಯಾಲೆ ಮೊದಲ ಯಾರನ್ನ ಗುರ್ತ ಹಿಡದಿ ಬೇ? ಗಂಡನ್ನೋ, ತವರವರನ್ನೋ?"

ಬಾಜು ಮನೆಯವನಾದ ನಾನು ತಡೆಯಲಾರದೆ ಕೇಳಿದೆ: "ಅತ್ತಿ, ಡಾಕ್ಟರ್ ಕಡೆ ಹೊಂಟೀಯೋ, ವರಾ ನೋಡಾಕೋ?"

"ಮಗಳನ್ನ ಕೊಡಾಗ ಇಷ್ಟೆಲ್ಲಾ ಕೇಳ್ತೀವಿ. ತಲಿ ಕೊಡಾಗ ಬಾಯಿ ಮುಚ್ಕೊಂಡು ಕುಂಡ್ರಬೇಕೇನಲೇ?"

ಅವಳು ಹೇಳಿದ ಇಪ್ಪತ್ತೆರಡು ಪ್ರಶ್ನೆಗಳನ್ನು ತೆಪ್ಪಗೆ ಬರೆದುಕೊಂಡೆ. ಮಾವ ಎಂದಿನಂತೆ ಮಾತಿಲ್ಲದೆ ಸ್ಕ್ಯಾನಿಂಗಿನ ಫೈಲು ಹಿಡಿದು ಕುಳಿತಿದ್ದರು. ಮನೆಯ ಮಾತನ್ನೆಲ್ಲ ಹೆಂಡತಿಯ ಪಾಲಿಗೇ ಬಿಟ್ಟುಕೊಟ್ಟ ಉದಾರಿ ಅವರು!

ಹುಬ್ಬಳ್ಳಿಗೆ ಹೋಗಿ ನೋಡಿದರೆ ಡಾಕ್ಟರು ಅಗದಿ ಎಳೆಯ ವಯಸ್ಸಿನವರು. ಅತ್ತೆ ಕೂರುವ ಮೊದಲೇ ಚೀಲದಿಂದ ಸಣ್ಣ ಸೂಜಿ, ದಾರ ತೆಗೆದು ಮೇಜಿನ ಮೇಲಿಟ್ಟಳು.

"ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ಒಮ್ಮೆ ಪೋಣಸ್ರಿ."

ನಾನು ನಾಚಿ ನೀರಾದೆ. ಡಾಕ್ಟರು ದಾರದ ತುದಿಯನ್ನು ನಾಲಿಗೆಗೂ ಮುಟ್ಟಿಸದೆ ಒಂದೇ ಸಲಕ್ಕೆ ಪೋಣಿಸಿದರು. "ಹೊಲಿಗಿನೂ ಹಾಕಿ ತೋರಸ್ಲೇನ್ರಿ ಅಮ್ಮಾ?"

"ಅದನ್ನ ನನ್ನ ತಲಿ ಮ್ಯಾಲೇ ತೋರಸ್ರಿ!" ಎಂದವಳೇ ನನ್ನತ್ತ ತಿರುಗಿದಳು. "ಕೈ ನಡಗೂದಿಲ್ಲ. ಮೊದಲನೇದಕ್ಕ ಗೀಟು ಹೊಡಿ."

ಡಾಕ್ಟರು ಮನಸಾರೆ ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು. ಗಡ್ಡೆ ಮಾತಿನ ಜಾಗಕ್ಕೇ ಹತ್ತಿಕೊಂಡಿದೆ. ತೆಗೆಯದಿದ್ದರೆ ಜೀವಕ್ಕೆ ಅಪಾಯ. ತೆಗೆದರೆ ಮಾತು ಹೋದರೂ ಹೋಗಬಹುದು.

ಇನ್ನೂ ಇಪ್ಪತ್ತೊಂದು ಪ್ರಶ್ನೆ ಉಳಿದಿದ್ದವು. ಅತ್ತೆ ಒಂದನ್ನೂ ಕೇಳಲಿಲ್ಲ.

"ತಗದಬಿಡ್ರಿ," ಎಂದಳು. ಆಪರೇಷನ್ ಬರುವ ಸೋಮವಾರವೆಂದು ನಿಗದಿಯಾಯಿತು.

ಊರಿಗೆ ಮರಳುವ ಬಸ್ಸಿನಲ್ಲಿ ಮಾವ ಮುಂದಿನ ಸೀಟಿನಲ್ಲಿ, ನಾವಿಬ್ಬರು ಅವರ ಹಿಂದೆ. ಅತ್ತೆ ನನ್ನ ಕಿವಿಯತ್ತ ಬಾಗಿ ಪಿಸುಗುಟ್ಟಿದಳು. ಅವಳ ಪಿಸುಮಾತೆಂದರೆ ಡ್ರೈವರಿಗೂ ಕೇಳುವಂಥದ್ದು!

"ಲೇ ತಮ್ಮಾ, ಬರ್ಕೋ. ನನ್ನ ಮಾತು ಹೋತಂದ್ರ ನಿಮ್ಮ ಮಾವಗ ನೀನ ಬೈಬೇಕು."

"ನಾನ?"

"ಮತ್ಯಾರು? ಬೈಸ್ಕೊಳ್ಳದ ಅವ್ರು ಏನೂ ಮಾಡೂದಿಲ್ಲ. ಮುಂಜಾನೆ, 'ಬಿಪಿ ಗುಳಿಗಿ ನಿಮ್ಮ ಪಾಲಿಂದೂ ನಾನ ನುಂಗ್ಲೇನು?' ಅನ್ನು. ಹೊಲಕ್ಕ ಹೊಂಟಾಗ, 'ಬಿಸಲಾಗ ಬೋಳ ತಲೀಲೆ ಹೊಂಟ್ರಿ, ರುಮಾಲು ಎಮ್ಮಿಗೆ ಸುತ್ಲೇನು?' ಅನ್ನು. ಉಣ್ಣಾಗ, 'ಒಂದ ರೊಟ್ಟಿಗೆ ಏಳಾಕ ನೀವೇನು ಬೀಗರೇನು?' ಅನ್ನು. ಹಂಗಂದ್ರ ಇನ್ನೊಂದು ತಿಂತಾರ."

ನಾನು ಬರೆಯುತ್ತಿದ್ದೆ. ಬಸ್ಸಿನ ಕುಲುಕಾಟಕ್ಕೆ ಅಕ್ಷರಗಳು ಸೊಟ್ಟಗಾಗುತ್ತಿದ್ದವು ಎಂದೇ ಇಟ್ಟುಕೊಳ್ಳಿ.

ಮಾವ ಹಿಂತಿರುಗಿ ನೋಡಲಿಲ್ಲ. ಕೈ ಮಾತ್ರ ಹಿಂದೆ ಚಾಚಿ ನನ್ನ ಪೆನ್ನು ಹಿಡಿದರು.

"ಬರೀಬ್ಯಾಡೋ. ಬೈಗಳೆಲ್ಲಾ ನನಗ ಬಾಯಿಪಾಠ ಅದಾವ. ಆಕಿ ಎದುರಿಗೆ ಕುಂತ್ರ ಸಾಕು. ನನಗ ನಾನ ಬೈಕೋತೀನಿ."